ಐದನೇ ಅಂಗಡಿಗೆ ಹದಿನೈದು ವರ್ಷದ ಲೀಸ್: ಮುಂದಿನ ಕಾಲವನ್ನು ಲೆಕ್ಕ ಹಾಕುವುದು ಹೇಗೆ?

ಗಲ್ಲಾ_ಶಿವಮೊಗ್ಗ:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ನಮ್ಮದು ಶಿವಮೊಗ್ಗ. ಅಪ್ಪ 1988ರಲ್ಲಿ ಹಾಕಿದ ದಿನಸಿ ಅಂಗಡಿ ಈಗ ನಾಲ್ಕು ಸೂಪರ್ ಮಾರ್ಕೆಟ್ ಆಗಿದೆ. ಊರಲ್ಲೇ ಎರಡು, ಭದ್ರಾವತಿಯಲ್ಲಿ ಒಂದು, ಸಾಗರದಲ್ಲಿ ಒಂದು. ಖರೀದಿ ಅಣ್ಣನದು, ಲೆಕ್ಕಪತ್ರ ನನ್ನದು. ಅಪ್ಪ ಈಗಲೂ ಬೆಳಗ್ಗೆ ಎಂಟಕ್ಕೆ ಹಳೇ ಅಂಗಡಿಯ ಗಲ್ಲಾದಲ್ಲಿ ಕೂರುತ್ತಾರೆ. ಅಲ್ಲಿ ಉದ್ರಿ ಪುಸ್ತಕ ಇನ್ನೂ ಇದೆ. ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ ಬಾಕಿ ಚುಕ್ತಾ ಮಾಡುವ ಮನೆಗಳು ಒಂದು ಎಪ್ಪತ್ತು ಇರಬಹುದು.

ವಿಷಯ ಏನೆಂದರೆ, ಹೊಸ ಬಡಾವಣೆಗಳ ಕಡೆ ಒಂದು ಕಟ್ಟಡ ಎದ್ದಿದೆ. ನೆಲಮಹಡಿ 9,000 ಚದರಡಿ. ಮಾಲೀಕರು ಅಡಿಗೆ 35 ರೂಪಾಯಿ ಹೇಳುತ್ತಿದ್ದಾರೆ. ಹದಿನೈದು ವರ್ಷದ ಲೀಸ್, ಮೂರು ವರ್ಷಕ್ಕೊಮ್ಮೆ ಬಾಡಿಗೆ 15% ಜಾಸ್ತಿ, ಮೊದಲ ಐದು ವರ್ಷ ಲಾಕ್-ಇನ್, ಅಂದರೆ ಅಷ್ಟರೊಳಗೆ ಬಿಟ್ಟು ಹೋಗುವ ಹಾಗಿಲ್ಲ. ಅಣ್ಣನಿಗೆ ಇವತ್ತೇ ಸೈನ್ ಹಾಕುವ ಆತುರ. ದೊಡ್ಡ ಚೈನ್‌ನವರೂ ಅದೇ ಜಾಗ ನೋಡಿ ಹೋಗಿದ್ದಾರೆ ಅಂತ ಬ್ರೋಕರ್ ಹೇಳಿದ್ದಾನೆ (ಬ್ರೋಕರ್ ಹೇಳದೆ ಇರುತ್ತಾನಾ). ಅಪ್ಪನದು ಒಂದೇ ಮಾತು, "ನಾನಿರುವ ತನಕ ಬೇಡ".

ಬೆಂಗಳೂರಿನ ಗೆಳೆಯನೊಬ್ಬ ಸಿನಾರಿಯೋ ಪ್ಲ್ಯಾನಿಂಗ್ ಮಾಡಿ ನೋಡು ಅಂದ. ಎರಡು ಗೆರೆ ಎಳೆದು ನಾಲ್ಕು ಮನೆ ಮಾಡಬೇಕಂತೆ, ಒಂದೊಂದು ಮನೆಯಲ್ಲಿ ಮುಂದೆ ಹೀಗಾದರೆ ಹಾಗಾದರೆ ಅಂತ ಒಂದೊಂದು ಕಥೆ ಬರೆಯಬೇಕಂತೆ. ಭಾನುವಾರ ಮಧ್ಯಾಹ್ನ ಅಣ್ಣನೂ ನಾನೂ ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದೆವು. ಒಂದು ಗೆರೆ "ಆನ್‌ಲೈನ್ ಬರುತ್ತದೆ, ಬರುವುದಿಲ್ಲ". ಇನ್ನೊಂದು "ದೊಡ್ಡ ಚೈನ್ ಬರುತ್ತದೆ, ಬರುವುದಿಲ್ಲ". ಕೊನೆಗೆ ಸಿಕ್ಕಿದ್ದು ಒಂದು ಒಳ್ಳೆ ಮನೆ, ಒಂದು ಕೆಟ್ಟ ಮನೆ, ನಡುವೆ ಎರಡು. ಅಪ್ಪ ಕನ್ನಡಕ ಏರಿಸಿ ನೋಡಿದರು. "ಯುಗಾದಿ ಪಂಚಾಂಗದಲ್ಲೂ ಇಷ್ಟೇ ಇರುತ್ತದೆ, ಆದಾಯ ಎರಡು ವ್ಯಯ ಎಂಟು" ಅಂದು ಎದ್ದು ಹೋದರು.

ನಾಲ್ಕು ಅಂಗಡಿಯವರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ, ಇಲ್ಲಾ ದೊಡ್ಡ ಕಂಪನಿಯವರ ಟೈಂಪಾಸಾ? ಮಾಡಿ ನೋಡಿದವರು ಹೇಳಿ.

ಖಾರಮಂಡಕ್ಕಿ:

ಟೈಂಪಾಸೇ. 2019ರ ಡಿಸೆಂಬರ್‌ನಲ್ಲಿ ಯಾವ ಕಂಪನಿಯ ಯಾವ ಪಿಪಿಟಿಯಲ್ಲಿ ಲಾಕ್‌ಡೌನ್ ಇತ್ತು ಹೇಳಿ ನೋಡೋಣ. ಅಂಗಡಿ ನಡೆಯುವುದು ಜಾಗ ಮತ್ತು ಪಾರ್ಕಿಂಗ್ ಮೇಲೆ. ಇಪ್ಪತ್ತು ಕಾರು ನಿಲ್ಲುತ್ತವಾ? ಸೈನ್ ಹಾಕಿ. ಇಲ್ವಾ? ಬಿಡಿ.

ಹಳೇ_ಚೈನ್:

ಮಂಡಕ್ಕಿಯವರಿಗೆ ಮೊದಲು ಉತ್ತರ. ಲಾಕ್‌ಡೌನ್ ಯಾರಿಗೂ ಗೊತ್ತಿರಲಿಲ್ಲ, ಸರಿ. ಗೊತ್ತಿರಬೇಕಾಗಿಯೂ ಇರಲಿಲ್ಲ. ಮೂರು ತಿಂಗಳು ವ್ಯಾಪಾರ ಅರ್ಧಕ್ಕೆ ಬಿದ್ದರೆ ಬಾಡಿಗೆ ಎಲ್ಲಿಂದ ಕಟ್ಟುವುದು ಅಂತ ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಕಾರಣ ರೋಗವೋ, ಅಂಗಡಿ ಮುಂದೆ ಎರಡು ವರ್ಷ ಅಗೆದು ಬಿಟ್ಟ ರಸ್ತೆಯೋ, ಯಾವುದಾದರೂ ಆಗಲಿ. ನಾನು ಬೆಂಗಳೂರು, ಹೈದರಾಬಾದ್ ಎರಡೂ ಕಡೆ ಇಪ್ಪತ್ತು ವರ್ಷ ಚೈನ್ ಅಂಗಡಿಗಳಲ್ಲಿ ಕೆಲಸ ಮಾಡಿದವನು. ಇಂಥ ಮೀಟಿಂಗ್‌ಗಳಲ್ಲಿ ತಿಂದ ಬಿಸ್ಕೆಟ್‌ಗೆ ಲೆಕ್ಕ ಇಲ್ಲ. ಹತ್ತರಲ್ಲಿ ಎಂಟು ಸಲ ಸುಮ್ನೆ ಕಾಲಹರಣ, ಅದೂ ನಿಜ.

ಇದಕ್ಕೆ ಹೆಸರು ತಂದವರು ಶೆಲ್ ಎಣ್ಣೆ ಕಂಪನಿಯವರು. 1970ರ ದಶಕದ ಶುರುವಿನಲ್ಲಿ ಪಿಯರ್ ವಾಕ್ ಅಂತ ಒಬ್ಬ ಫ್ರೆಂಚ್ ಮನುಷ್ಯ ಅಲ್ಲಿದ್ದ. ಎಣ್ಣೆ ಹೀಗೇ ಅಗ್ಗವಾಗಿ ಸಿಗುತ್ತಾ ಇರುವುದಿಲ್ಲ, ಆಗ ಏನು ಮಾಡುತ್ತೀರಿ ಅಂತ ಮ್ಯಾನೇಜರುಗಳನ್ನು ಕೂರಿಸಿಕೊಂಡು ಕೇಳುತ್ತಿದ್ದ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದವು. ಮೂರು ಡಾಲರ್ ಆಸುಪಾಸಿನಲ್ಲಿದ್ದ ಬ್ಯಾರೆಲ್ ಕೆಲವೇ ತಿಂಗಳಲ್ಲಿ ಹನ್ನೊಂದು ದಾಟಿತು. ಆ ಮಾತನ್ನು ಮೊದಲೇ ಆಡಿಕೊಂಡಿದ್ದ ಶೆಲ್‌ನವರು ಬೇಗ ಸುಧಾರಿಸಿಕೊಂಡರು. ವಾಕ್ ಕೊಡುತ್ತಿದ್ದ ಉದಾಹರಣೆ ನಮ್ಮ ಗಂಗೆಯದ್ದೇ. ಮೇಲ್ಗಡೆ ಜೋರು ಮಳೆ ಬಿದ್ದಿದ್ದರೆ ಕೆಲವು ದಿನಕ್ಕೆ ಕಾಶಿಯಲ್ಲಿ ನೀರು ಏರುವುದು ಖಾತ್ರಿ, ಅದಕ್ಕೆ ಜ್ಯೋತಿಷಿ ಬೇಡ. ನಿಮಗೆ ಕಾಶಿ ಯಾಕೆ, ಹೊಸನಗರದ ಕಡೆ ಮಳೆ ವಾರಗಟ್ಟಲೆ ಹಿಡಿದರೆ ಲಿಂಗನಮಕ್ಕಿ ಡ್ಯಾಂ ತುಂಬುವ ಮಟ್ಟ 1,819 ಅಡಿ ಕಡೆ ಹೊರಡುತ್ತದೆ, ಗೇಟ್ ಎತ್ತುತ್ತಾರೆ ಅಂದರೆ ಹೊನ್ನಾವರ ಕಡೆ ಹೊಳೆ ದಂಡೆಯವರು ಸಾಮಾನು ಅಟ್ಟಕ್ಕೆ ಹಾಕುತ್ತಾರೆ.

ಹಾಗಾಗಿ ಮೊದಲ ಕೆಲಸ, ಯಾವ ಮಳೆ ಈಗಾಗಲೇ ಬಿದ್ದಾಗಿದೆ ಅಂತ ನೋಡುವುದು. ನಿಮ್ಮ ಸಾಗರದ ಅಂಗಡಿಯನ್ನೇ ತಗೊಳ್ಳಿ. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಗೆ ಶಂಕುಸ್ಥಾಪನೆ ಆಗಿದ್ದು 2018ರಲ್ಲಿ, ಓಡಾಟಕ್ಕೆ ತೆರೆದಿದ್ದು 2025ರ ಜುಲೈ 14ಕ್ಕೆ. ವರ್ಷಗಟ್ಟಲೆ ಕಂಬಗಳು ನೀರಿನ ಮಧ್ಯೆ ಏಳುವುದನ್ನು ಎಲ್ಲರೂ ನೋಡಿದ್ದಾರೆ. ಹೊಳೆಯಾಚೆಯ ಗಿರಾಕಿ ಹೇಗೆ ಬದಲಾಗುತ್ತಾನೆ ಅಂತ ಲೆಕ್ಕ ಹಾಕಿದ ಅಂಗಡಿಯವರು ಎಷ್ಟು ಜನ? ಇನ್ನೊಂದು, ಮಲೆನಾಡಿನ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ಗಂಡ ಹೆಂಡತಿ ಇಬ್ಬರೇ ಉಳಿದಿರುವುದು. ಅಕ್ಕಿ 25 ಕೆಜಿ ಚೀಲದಿಂದ 10 ಕೆಜಿಗೆ ಇಳಿಯುತ್ತದೆ. ಇದನ್ನು ಗೆರೆ ಎಳೆದು ಮನೆ ಮಾಡಿ ಬರೆಯಬೇಕಾಗಿಲ್ಲ, ಆಗಿಹೋಗಿದೆ.

ನಿಮ್ಮ ತಪ್ಪು ಎಲ್ಲಾಯಿತು ಅಂದರೆ, ಬಿದ್ದಾಗಿರುವ ಮಳೆಯನ್ನೇ ಗೆರೆ ಮಾಡಿಕೊಂಡಿದ್ದೀರಿ. ದೊಡ್ಡ ಚೈನ್ ಬರುತ್ತದೆ ಸ್ವಾಮಿ. ಡಿಮಾರ್ಟ್ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಒಂದು ಅಂಗಡಿ ಇಟ್ಟಿತ್ತು, ಈಗ ನಾನೂರು ದಾಟಿದೆ. ಹದಿನೈದು ವರ್ಷದ ಲೀಸ್ ಹಾಕುವವರು, ಆ ಹದಿನೈದರೊಳಗೆ ಇಂಥವರು ಯಾರಾದರೂ ಬಂದೇ ಬರುತ್ತಾರೆ ಅಂತಲೇ ಇಟ್ಟುಕೊಳ್ಳಿ. ಆನ್‌ಲೈನೂ ಅಷ್ಟೇ. 1999ರಲ್ಲೇ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಅಂತ ಆನ್‌ಲೈನ್ ಅಂಗಡಿ ಇತ್ತು, ಓಡಲಿಲ್ಲ. ಅದೇ ಜನ 2011ರಲ್ಲಿ ಬಿಗ್‌ಬಾಸ್ಕೆಟ್ ಮಾಡಿದರು, ಓಡಿತು. ಬರುತ್ತದಾ ಅಂತ ಕೇಳಬೇಡಿ, ಬಂದಾಗ ನಿಮ್ಮ ಕುತ್ತಿಗೆಗೆ ಎಷ್ಟು ಬಾಡಿಗೆ ಕಟ್ಟಿರುತ್ತದೆ ಅಂತ ಕೇಳಿ.

ನಿಜವಾಗಿ ಹೀಗೂ ಆಗಬಹುದು ಹಾಗೂ ಆಗಬಹುದು ಅನ್ನುವಂಥದ್ದು ನಿಮ್ಮಲ್ಲಿ ಎರಡೇ ಅಂತ ನನಗೆ ಅನ್ನಿಸುತ್ತದೆ. ಒಂದು ಅಡಿಕೆ ದುಡ್ಡು. ಎಲೆಚುಕ್ಕೆ ರೋಗ, ಹೊರದೇಶದ ಅಡಿಕೆ, ಗುಟ್ಕಾ ಮೇಲಿನ ಕಾನೂನು, ಯಾವುದು ಯಾವಾಗ ಎತ್ತ ತಿರುಗಿಸುತ್ತದೋ. ಇನ್ನೊಂದು, ಜನ ಅಂಗಡಿಗೆ ಬರುತ್ತಾರಾ, ಸಾಮಾನು ಮನೆಗೆ ಹೋಗುತ್ತದಾ.

ಈಗ ಮನೆ ತುಂಬಿ. ಅಡಿಕೆ ಚೆನ್ನಾಗಿದೆ, ಜನ ಅಂಗಡಿಗೇ ಬರುತ್ತಾರೆ: ನಿಮ್ಮಣ್ಣನ ಕನಸು, ಅದರ ಬಗ್ಗೆ ಬರೆಯುವುದೇನೂ ಇಲ್ಲ. ಅಡಿಕೆ ಚೆನ್ನಾಗಿದೆ, ಸಾಮಾನು ಮನೆಗೆ ಹೋಗುತ್ತದೆ: ಇಲ್ಲಿ ಮೋಸ ಹೋಗುವುದು ಸುಲಭ. ಹತ್ತು ನಿಮಿಷದ ಡೆಲಿವರಿಯವರು ಮೊದಲು ಒಯ್ಯುವುದು ಚಿಪ್ಸ್, ಐಸ್‌ಕ್ರೀಂ, ಶಾಂಪೂ, ಡೈಪರ್. ಅಂದರೆ ಲಾಭ ಇರುವ ರ‍್ಯಾಕುಗಳನ್ನು. ನಿಮಗೆ ಉಳಿಯುವುದು ಅಕ್ಕಿ, ಎಣ್ಣೆ, ಸಕ್ಕರೆ. ವ್ಯಾಪಾರ ಸ್ವಲ್ಪವೇ ಇಳಿದಿರುತ್ತದೆ, ಲಾಭ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿದಿರುತ್ತದೆ, ಬರೀ ಸೇಲ್ಸ್ ನೋಡುವವರಿಗೆ ಒಂದು ವರ್ಷ ಗೊತ್ತೇ ಆಗುವುದಿಲ್ಲ.

ಮೂರನೆಯದು ಅಡಿಕೆ ಬಿದ್ದಿದೆ, ಜನ ಅಂಗಡಿಗೇ ಬರುತ್ತಾರೆ. ಇದನ್ನು ಯಾರೂ ಸರಿಯಾಗಿ ಯೋಚಿಸುವುದಿಲ್ಲ. ಕೈಯಲ್ಲಿ ಕಾಸಿಲ್ಲ ಅಂದರೆ ಜನರಿಗೆ ಬೇಕಾಗುವುದು ಲೂಸ್ ಬೇಳೆ, ಕಾಲು ಕೆಜಿ ಎಣ್ಣೆ, ಮುಖ ನೋಡಿ ಕೊಡುವ ಉದ್ರಿ. 9,000 ಚದರಡಿ ಎಸಿ ಹಾಲ್ ಖಾಲಿ ಹೊಡೆಯುತ್ತದೆ, ನಿಮ್ಮಪ್ಪನ ಹಳೇ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ನಾಲ್ಕನೆಯದು ಎರಡೂ ಕೆಟ್ಟದ್ದು, ಆಗ ಯಾರಿಗೂ ಸುಖ ಇಲ್ಲ.

ಇನ್ನು ಲೀಸ್ ತಗೊಂಡು ಒಂದೊಂದು ಮನೆಯಲ್ಲೂ ಇಟ್ಟು ನೋಡಿ. ತಿಂಗಳಿಗೆ 3 ಲಕ್ಷ 15 ಸಾವಿರ. ಮೊದಲ ಮೂರು ವರ್ಷಕ್ಕೆ 1 ಕೋಟಿ 13 ಲಕ್ಷ, ಬಾಡಿಗೆ ಏರಿದ ಮೇಲೆ ಇನ್ನೆರಡು ವರ್ಷಕ್ಕೆ 87 ಲಕ್ಷ. ಲಾಕ್-ಇನ್ ಅಂದರೆ ಬಾಗಿಲು ಹಾಕಿದರೂ ಆ ಎರಡು ಕೋಟಿ ನಿಮ್ಮ ತಲೆ ಮೇಲೆ. ಎಸಿ, ಫ್ರೀಜರ್, ರ‍್ಯಾಕ್, ಜನರೇಟರ್ ಬೇರೆ. ನಾವು ದಿನಸಿ ಅಂಗಡಿಗೆ ಬಾಡಿಗೆ ವ್ಯಾಪಾರದ ಮೂರೂವರೆ ಪರ್ಸೆಂಟ್ ಒಳಗಿರಲಿ ಅಂತ ನೋಡುತ್ತಿದ್ದೆವು. ಹಾಗಾದರೆ ತಿಂಗಳಿಗೆ 90 ಲಕ್ಷ, ದಿನಕ್ಕೆ ಮೂರು ಲಕ್ಷ ವ್ಯಾಪಾರ ಬೇಕು. ನಿಮ್ಮ ಅತಿ ಚೆನ್ನಾಗಿ ನಡೆಯುವ ಅಂಗಡಿ ದಿನಕ್ಕೆ ಎಷ್ಟು ಮಾಡುತ್ತದೆ?

ಗಿರಾಕಿ ಇಲ್ಲದೆ ಸತ್ತ ಚೈನ್‌ಗಿಂತ ಬಾಡಿಗೆ, ಸಾಲಕ್ಕೆ ಸತ್ತದ್ದೇ ಜಾಸ್ತಿ ನೋಡಿದ್ದೇನೆ. ಚೆನ್ನೈನ ಸುಭಿಕ್ಷಾ 1997ರಲ್ಲಿ ಶುರುವಾಗಿ 2008ರ ಹೊತ್ತಿಗೆ ಸುಮಾರು 1,600 ಅಂಗಡಿ ಮಾಡಿತು. 2009ರ ಶುರುವಿಗೆ ಬಾಡಿಗೆ, ಸಂಬಳ ಕೊಡಲು ಕಾಸಿಲ್ಲದೆ ಎಲ್ಲ ಶಟರ್ ಕೆಳಗೆ. ಬಿಗ್ ಬಜಾರ್ ಕಥೆ ಇನ್ನೂ ಪಾಠ. 2020ರಲ್ಲಿ ರಿಲಯನ್ಸ್ ಜೊತೆ 24,713 ಕೋಟಿಯ ಒಪ್ಪಂದ ಆಯಿತು, ಅಮೆಜಾನ್ ಕೋರ್ಟಿಗೆ ಹೋಗಿ ತಡೆಯಿತು. ಅಷ್ಟರಲ್ಲಿ ಬಾಡಿಗೆ ಬಾಕಿ ಬಿದ್ದಿದ್ದ ಎಷ್ಟೋ ಅಂಗಡಿಗಳ ಲೀಸ್ ರಿಲಯನ್ಸ್ ಹೆಸರಿಗೆ ಹೋಗಿತ್ತು. 2022ರ ಫೆಬ್ರವರಿಯಲ್ಲಿ ಅವರು ಬಂದು ಬೋರ್ಡ್ ಬದಲಿಸಲು ಶುರು ಮಾಡಿದರು. ಕೋರ್ಟಿನಲ್ಲಿ ಏನೇ ನಡೆಯಲಿ, ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಲೀಸ್ ಹೇಳಿತು. ಡಿಮಾರ್ಟ್‌ನವರು ಬಹಳಷ್ಟು ಕಡೆ ಜಾಗ ಕೊಂಡುಕೊಂಡೇ ಕಟ್ಟುವುದು ಸುಮ್ನೆ ಅಲ್ಲ.

ಹೊಳೆಯಾಚೆ:

ನಾನು ಹಿನ್ನೀರಿನಾಚೆ ತುಮರಿ ಕಡೆಯವಳು, ಗಿರಾಕಿ ಪೈಕಿ. ಸೇತುವೆ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲೆಲ್ಲ ಸಾಗರಕ್ಕೆ ಹೋಗುವುದು ಅಂದರೆ ಲಾಂಚ್ ಲೆಕ್ಕ. ಸಂಜೆ ಲಾಂಚ್ ನಿಂತರೆ ಆಚೆಯೇ ಉಳಿಯಬೇಕು. ಹಾಗಾಗಿ ತಿಂಗಳಿಗೊಂದು ದಿನ ಚೀಟಿ ಬರೆದುಕೊಂಡು, ಅಕ್ಕಪಕ್ಕದ ಮನೆಯವರ ಚೀಟಿಯನ್ನೂ ಇಸಿದುಕೊಂಡು, ಜೀಪು ತುಂಬಾ ತರುತ್ತಿದ್ದೆವು. ಅಂಗಡಿಯವರು ಹತ್ತು ನಿಮಿಷ ಜಾಸ್ತಿ ಮಾಡಿದರೆ ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಮನಸ್ಸು ಬಂದಾಗ ಹೋಗುತ್ತೇವೆ. ಸಣ್ಣ ಸಣ್ಣ ಬಿಲ್, ವಾರಕ್ಕೆರಡು ಸಲ. ಆದರೆ ಒಂದು ಹೇಳುತ್ತೇನೆ, ಸಾಗರದ ತನಕ ಬಂದ ಮೇಲೆ ಶಿವಮೊಗ್ಗ ಏನು ದೂರ ಅಂತಲೂ ಅನ್ನಿಸುತ್ತದೆ. ಬಟ್ಟೆಗೆ, ಆಸ್ಪತ್ರೆಗೆ ಹೋದವರು ದಿನಸಿಯನ್ನೂ ಅಲ್ಲೇ ಹಾಕಿಸಿಕೊಂಡು ಬರುತ್ತಾರೆ. ಹೆಂಗಸರಿಗೆ ಸರ್ಕಾರಿ ಬಸ್ಸು ಬೇರೆ ಫ್ರೀ. ನಿಮ್ಮ ಸಾಗರದ ಅಂಗಡಿಗೆ ಸೇತುವೆ ಒಳ್ಳೆಯದೂ ಮಾಡೀತು, ಕೆಟ್ಟದ್ದೂ ಮಾಡೀತು. ಯಾವುದು ಅಂತ ನಿಮ್ಮ ಬಿಲ್ಲೇ ಹೇಳಬೇಕು.

ಬೀಟ್_ಸೋಮವಾರ:

ನಾನು ಭದ್ರಾವತಿ ಕಡೆ ಸೋಪು, ಬಿಸ್ಕೆಟ್ ಡಿಸ್ಟ್ರಿಬ್ಯೂಷನ್ ಮಾಡುತ್ತೇನೆ. ಹಳೇ ಚೈನ್ ಸಾರ್ ಹೇಳಿದ್ದರಲ್ಲಿ ಒಂದು ಬಿಟ್ಟಿದ್ದಾರೆ, ಮುನ್ಸೂಚನೆ ಎಲ್ಲಿ ಕಾಣುತ್ತದೆ ಅನ್ನುವುದು. ಪೇಪರ್ ಮಿಲ್ ನಿಂತಿದ್ದು 2015ರ ಸುಮಾರಿಗೆ. ಅದಕ್ಕೂ ಮೊದಲೇ ನಮಗೆ ಗೊತ್ತಾಗಿತ್ತು. ಹೇಗೆ ಅಂದರೆ, ಕಾಲೋನಿ ಸುತ್ತಿನ ಅಂಗಡಿಗಳು ಶಾಂಪೂ ಬಾಟಲಿ ಬಿಟ್ಟು ಬರೀ ಸ್ಯಾಶೆ ಸರ ಕೇಳಲು ಶುರು ಮಾಡಿದವು. ತಿಂಗಳ ಮೊದಲ ವಾರದ ಆರ್ಡರ್‌ಗೂ ಕೊನೇ ವಾರದ ಆರ್ಡರ್‌ಗೂ ಇದ್ದ ವ್ಯತ್ಯಾಸ ಹೋಯಿತು. ಸಂಬಳ ಸರಿಯಾಗಿ ಬರುತ್ತಿಲ್ಲ ಅಂತ ಅರ್ಥ. ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಮುಚ್ಚುವ ತೀರ್ಮಾನ ಅಂತ 2023ರ ಜನವರಿಯಲ್ಲಿ ಸುದ್ದಿ ಬಂದಾಗ ಊರು ಬೀದಿಗೆ ಇಳಿಯಿತು, ಆದರೆ ಆ ಕಡೆಯ ಅಂಗಡಿಗಳ ಆರ್ಡರ್ ಸೊರಗಿ ವರ್ಷಗಳೇ ಆಗಿತ್ತು.

ಆಮೇಲೆ ಸರ್ಕಾರದ ಕಡೆಯಿಂದ ಬರುವುದನ್ನೂ ಬರೆದುಕೊಳ್ಳಿ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾದ ಮೇಲೆ, ದುಡ್ಡು ಖಾತೆಗೆ ಬಿದ್ದ ವಾರ ನಮ್ಮ ಸಣ್ಣ ಅಂಗಡಿಗಳ ಆರ್ಡರ್ ಏರುತ್ತದೆ. ತಡವಾದರೆ ಬೀಟ್‌ನಲ್ಲೇ, ಅಂದರೆ ಆರ್ಡರ್‌ಗೆ ಅಂಗಡಿ ಸುತ್ತುವಾಗಲೇ ಗೊತ್ತಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟು ಅಂಗಡಿ ಮುಂದೆ "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿತು ನೆನಪಿದೆಯಾ? ಅದೇ ಸೆಪ್ಟೆಂಬರ್ 22ಕ್ಕೆ ಸೋಪು, ಶಾಂಪೂ, ಟೂತ್‌ಪೇಸ್ಟ್ 18ರಿಂದ 5ಕ್ಕೆ ಇಳಿಯಿತು. ಹಳೇ ಎಂಆರ್‌ಪಿ ಸ್ಟಾಕ್ ಗೋಡೌನ್ ತುಂಬಾ. ನನ್ನ ಒಂದು ಕಂಪನಿ ವ್ಯತ್ಯಾಸದ ಕ್ಲೇಮ್ ಕೊಡಲು ತಿಂಗಳುಗಟ್ಟಲೆ ಆಟ ಆಡಿಸಿತು. ಇದೆಲ್ಲ ನಿಮ್ಮ ನಾಲ್ಕು ಮನೆಯ ಯಾವ ಮನೆಗೆ ಬರುತ್ತದೆ? ಯಾವುದಕ್ಕೂ ಬರುವುದಿಲ್ಲ, ಆದರೆ ಆ ವಾರ ಕೈಯಲ್ಲಿ ಕಾಸು ಇಲ್ಲದವನು ಕುಸಿಯುತ್ತಾನೆ.

ಖಾರಮಂಡಕ್ಕಿ:

ಸ್ಯಾಶೆ ವಿಷಯ ಒಪ್ಪಿದೆ. ಅದು ಪ್ಲ್ಯಾನಿಂಗ್ ಅಲ್ಲ, ವ್ಯಾಪಾರಿಯ ಕಣ್ಣು. ಅದಕ್ಕೆ ಇಂಗ್ಲಿಷ್ ಹೆಸರು ಯಾಕೆ ಬೇಕು ಅನ್ನುವುದೇ ನನ್ನ ತಕರಾರು.

ಗಲ್ಲಾ_ಶಿವಮೊಗ್ಗ:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಉತ್ತರ ಕೊಡುತ್ತಿದ್ದೇನೆ, ಶ್ರಾವಣದ ಸ್ಟಾಕ್ ತುಂಬುವುದರಲ್ಲಿ ಮುಳುಗಿದ್ದೆ.

ಹಳೇ ಚೈನ್ ಸಾರ್ ಪ್ರಶ್ನೆಗೆ ಉತ್ತರ: ನಮ್ಮ ಅತಿ ಚೆನ್ನಾಗಿರುವ ಅಂಗಡಿ ದಿನಕ್ಕೆ 1 ಲಕ್ಷ 60 ಸಾವಿರ, ಹಬ್ಬದ ವಾರ ಬಿಟ್ಟು. ಮೂರು ಲಕ್ಷ ಅನ್ನುವ ಅಂಕಿ ಅಣ್ಣನ ಮುಂದೆ ಇಟ್ಟೆ. ಕ್ಯಾಲ್ಕುಲೇಟರ್ ಕೈಗೆ ತಗೊಂಡು ಅವನೇ ಎರಡು ಸಲ ಒತ್ತಿದ. ಆಮೇಲೆ ಹೊಸ ಬಡಾವಣೆ ಬೆಳೆಯುತ್ತದಲ್ಲ ಅಂದ. ಅದೂ ನಿಜವೇ. ಆದರೆ ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಅಂತ ನೋಡೋಣ ಬಾ ಅಂತ ಮೊನ್ನೆ ರಾತ್ರಿ ಎಂಟು ಗಂಟೆಗೆ ಸ್ಕೂಟರ್‌ನಲ್ಲಿ ಹೋದೆವು. ಸೈಟು ತುಂಬಾ ಇವೆ, ಕಟ್ಟಿದ ಮನೆಗಳೂ ಇವೆ, ದೀಪ ಇದ್ದದ್ದು ಅರ್ಧಕ್ಕೂ ಕಡಿಮೆ. ವಾಪಸ್ ಬರುವಾಗ ಅಣ್ಣ ಏನೂ ಮಾತಾಡಲಿಲ್ಲ.

ಈ ಸಲ ಅಪ್ಪನನ್ನೂ ಕೂರಿಸಿಕೊಂಡೆವು. ಗೆರೆ, ಮನೆ ಅಂದರೆ ಮತ್ತೆ ಪಂಚಾಂಗ ಅನ್ನುತ್ತಾರೆ ಅಂತ ಸುಮ್ನೆ ಒಂದು ಪ್ರಶ್ನೆ ಕೇಳಿದೆ: ಅಡಿಕೆ ರೇಟು ಬಿದ್ದ ವರ್ಷ ಅಂಗಡಿ ಹೇಗೆ ನಡೆಸಿದಿರಿ? ಒಳಗೆ ಹೋಗಿ ಹಳೇ ಉದ್ರಿ ಪುಸ್ತಕ ತಂದರು. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ, ನಮಗೆ ಗೊತ್ತೇ ಇರಲಿಲ್ಲ. ಆ ವರ್ಷ ಬಾಕಿ ಮೂರು ಪಟ್ಟು ಏರಿದೆ. ಒಂದು ಮನೆಯವರದ್ದು ಎರಡು ಕೊಯ್ಲು ದಾಟಿ ಚುಕ್ತಾ ಆಗಿದೆ, ಮಾರ್ಜಿನ್‌ನಲ್ಲಿ "ಮದುವೆ" ಅಂತ ಬರೆದಿದೆ ಅಷ್ಟೆ. ಮೋಸ ಮಾಡಿದವರು ಎಷ್ಟು ಅಂತ ಕೇಳಿದೆ. ನಾಲ್ಕು ಮನೆ ಅಂದರು, ಹೆಸರು ಹೇಳಲಿಲ್ಲ. ಆಗ ಅಂಗಡಿ ಬಾಡಿಗೆ ಎಷ್ಟಿತ್ತು ಅಂತ ಅಣ್ಣ ಕೇಳಿದ. "ಬಾಡಿಗೆ ಇದ್ದಿದ್ದರೆ ಈ ಪುಸ್ತಕ ಎಲ್ಲಿರುತ್ತಿತ್ತು?" ಅಂದರು. ಹಳೇ ಅಂಗಡಿ ನಮ್ಮ ಸ್ವಂತದ್ದು.

ಸಾಗರದ ಬಿಲ್ ಕೂಡ ತೆಗೆದು ನೋಡಿದೆ. ಹೊಳೆಯಾಚೆ ಅವರು ಹೇಳಿದ್ದು ಸರಿ. ಸೇತುವೆ ತೆರೆದ ಮೇಲೆ ಬಿಲ್ ಸಂಖ್ಯೆ ಏರಿದೆ, ಒಂದೊಂದು ಬಿಲ್ ಮೊತ್ತ ಇಳಿದಿದೆ. ಒಟ್ಟು ವ್ಯಾಪಾರ ಹೆಚ್ಚುಕಡಿಮೆ ಅಲ್ಲೇ ಇದೆ. ನಾನು ಒಟ್ಟು ಮಾತ್ರ ನೋಡಿ ಏನೂ ಬದಲಾಗಿಲ್ಲ ಅಂದುಕೊಂಡಿದ್ದೆ. ಅಲ್ಲಿ ಬಿಲ್ಲಿಂಗ್ ಕೌಂಟರ್ ಒಂದೇ ಇದೆ, ಕ್ಯೂ ನೋಡಿ ವಾಪಸ್ ಹೋಗುತ್ತಿದ್ದಾರೆ ಅಂತ ಹುಡುಗ ಮೂರು ತಿಂಗಳಿಂದ ಹೇಳುತ್ತಿದ್ದನಂತೆ, ಅಣ್ಣನ ಹತ್ತಿರ.

ಮಾಲೀಕರ ಹತ್ತಿರ ಮತ್ತೆ ಮಾತಾಡಿದೆವು. ಅರ್ಧ ಜಾಗ ಕೊಡಿ, ಲಾಕ್-ಇನ್ ಎರಡು ವರ್ಷ ಮಾಡಿ, ಆಮೇಲೆ ಆರು ತಿಂಗಳ ನೋಟಿಸ್ ಕೊಟ್ಟು ಬಿಡುವ ಹಾಗಿರಲಿ ಅಂತ. ಅರ್ಧ ಜಾಗಕ್ಕೆ ಒಪ್ಪಿದರು, ಅಡಿಗೆ 42 ಹೇಳಿದರು. ಲಾಕ್-ಇನ್ ಮೂರಕ್ಕಿಂತ ಕೆಳಗೆ ಇಳಿಯುವುದಿಲ್ಲವಂತೆ. ಅಣ್ಣನಿಗೆ ಕೋಪ ಇದೆ, 4,500 ಅಡಿಯಲ್ಲಿ ಸೂಪರ್ ಮಾರ್ಕೆಟ್ ಮಾಡುವುದಾದರೆ ಅಲ್ಲಿಗೆ ಯಾಕೆ ಹೋಗಬೇಕು ಅಂತ.

ಹಳೇ_ಚೈನ್:

ಅಡಿಗೆ 42 ಜಾಸ್ತಿ ಆದರೂ ತಿಂಗಳಿಗೆ 1 ಲಕ್ಷ 89 ಸಾವಿರ. ನನ್ನ ಲೆಕ್ಕದಲ್ಲಿ ದಿನಕ್ಕೆ 1 ಲಕ್ಷ 80 ಸಾವಿರ ವ್ಯಾಪಾರ ಸಾಕು, ನಿಮ್ಮ ಈಗಿನ ಅಂಗಡಿಗೆ ಹತ್ತಿರ ಬಂತು. ಮೂರು ವರ್ಷದ ಲಾಕ್-ಇನ್ ಅಂದರೆ ಕೈ ಸುಟ್ಟರೂ 68 ಲಕ್ಷ, ಎರಡು ಕೋಟಿ ಅಲ್ಲ. ಉಳಿದರ್ಧ ಬೇರೆಯವರಿಗೆ ಕೊಟ್ಟರೆ ಅಲ್ಲಿ ದಿನಸಿ ಅಂಗಡಿ ಬರಬಾರದು ಅಂತ ಕರಾರಿನಲ್ಲಿ ಹಾಕಿಸಿ, ಮೆಡಿಕಲ್ ಶಾಪೋ ಬೇಕರಿಯೋ ಬಂದರೆ ನಿಮಗೇ ಗಿರಾಕಿ. ಒಳಬಾಡಿಗೆಗೆ ಒಪ್ಪುತ್ತಾರಾ ಅಂತಲೂ ಕೇಳಿ, ಬಾಯಿಮಾತಲ್ಲಿ ಬೇಡ. ಅದಕ್ಕೂ ಮೊದಲು ಸಾಗರದಲ್ಲಿ ಎರಡನೇ ಕೌಂಟರ್ ಹಾಕಿ ಮಾರಾಯ್ರೇ.

ಗಲ್ಲಾ_ಶಿವಮೊಗ್ಗ:

ಕೌಂಟರ್ ಮಷಿನ್ ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತದೆ. ಒಳಬಾಡಿಗೆ ವಿಷಯ ಕೇಳಿ ಇಲ್ಲೇ ಹಾಕುತ್ತೇನೆ.